ಪಾಳುಬಿದ್ದ ಗುಡಿಯಲ್ಲಿ ಒಂದೊಂದೇ ಸ್ವರ

ಗೇಮ್‌ಗಳಿಗೆ ಸಂಗೀತ ಮಾಡುವುದು ನನ್ನ ಕೆಲಸ. ಹೊಸದರಲ್ಲಿ ಒಂದು ಮೊಬೈಲ್ ಗೇಮ್‌ಗೆ ಎರಡು ನಿಮಿಷದ ಟ್ಯೂನ್ ಮಾಡಿಕೊಟ್ಟಿದ್ದೆ. ಮೆಲ್ಲಗೆ ಶುರುವಾಗಿ, ಕೊನೆಗೆ ಪಿಟೀಲುಗಳೆಲ್ಲ ಒಟ್ಟಿಗೆ ಏಳುವ ಹಾಗೆ. ಆದರೆ ಆಡುವವರು 20 ಸೆಕೆಂಡಿಗೇ ಸೋತು ಮತ್ತೆ ಶುರು ಮಾಡುತ್ತಿದ್ದರು. ಪ್ರತಿ ಸಲವೂ ಟ್ಯೂನ್ ಮೊದಲಿಗೇ ಹೋಗುತ್ತಿತ್ತು. ಆ ಪಿಟೀಲುಗಳನ್ನು ಯಾರೂ ಕೇಳಲೇ ಇಲ್ಲ.

ಸಿನಿಮಾದವರಿಗೆ ದೃಶ್ಯ ಎಷ್ಟು ಹೊತ್ತು ಅಂತ ಮೊದಲೇ ಗೊತ್ತಿರುತ್ತದೆ. ನಮಗೆ ಆ ಅನುಕೂಲ ಇಲ್ಲ. ನಮ್ಮ ಕಷ್ಟ ಚೆನ್ನಾಗಿ ಅರ್ಥವಾಗುವುದು ಯಕ್ಷಗಾನದ ಭಾಗವತರಿಗೆ. ಅವರ ಕಣ್ಣು ಸದಾ ವೇಷಧಾರಿಯ ಮೇಲೆ. ಅವನು ಇನ್ನೊಂದು ಸುತ್ತು ಕುಣಿಯುತ್ತಾನೆ ಅಂತ ಕಂಡರೆ ಅದೇ ಸಾಲನ್ನು ಮತ್ತೆ ಎತ್ತುತ್ತಾರೆ. ಅವನು ನಿಂತರೆ ಪದವೂ ಮುಂದಕ್ಕೆ ಹೋಗುತ್ತದೆ. ಕಂಪ್ಯೂಟರಿಗೆ ಈ ಭಾಗವತಿಕೆ ಕಲಿಸುವುದೇ ನಮ್ಮ ಕಸುಬು.

ಅದನ್ನು ನಾನು ಜಾಸ್ತಿ ಕಲಿತದ್ದು ಜಪಾನಿನ ಗೇಮ್ ಕಂಪನಿ ನಿಂಟೆಂಡೊದ ‘ದಿ ಲೆಜೆಂಡ್ ಆಫ್ ಜೆಲ್ಡಾ’ ಸರಣಿಯಿಂದ. ಮೊದಲ ಗೇಮ್ ಬಂದದ್ದು 1986ರಲ್ಲಿ, ಜಪಾನಿನಲ್ಲಿ. ಸಂಗೀತ ಕೋಜಿ ಕೊಂಡೊ ಅವರದು. ಆಗಿನ ಚಿಪ್‌ನಲ್ಲಿ ಒಂದೇ ಹೊತ್ತಿಗೆ ಬೆರಳೆಣಿಕೆಯಷ್ಟು ದನಿಗಳು ಮಾತ್ರ ಬರುತ್ತಿದ್ದವು. ಶುರುವಿನ ಪರದೆಗೆ ಫ್ರೆಂಚ್ ಸಂಗೀತಗಾರ ರವೆಲ್ ಅವರ ‘ಬೊಲೆರೊ’ ಎಂಬ ವಾದ್ಯಮೇಳದ ಕೃತಿಯನ್ನು ಬಳಸಬೇಕು ಅಂತ ಮೊದಲು ಅಂದುಕೊಂಡಿದ್ದರು. ಗೇಮ್ ಇನ್ನೇನು ಮುಗಿಯಿತು ಅನ್ನುವಾಗ ಅದರ ಕಾಪಿರೈಟ್ ಇನ್ನೂ ಜೀವಂತವಾಗಿದೆ ಅಂತ ತಿಳಿಯಿತು. ಕೊಂಡೊ ಒಂದೇ ರಾತ್ರಿಯಲ್ಲಿ ತಮ್ಮದೇ ಟ್ಯೂನನ್ನು ಆ ಜಾಗಕ್ಕೆ ಹೊಂದಿಸಿದರು. ಅದೇ ಇಡೀ ಸರಣಿಯ ಗುರುತಿನ ರಾಗವಾಯಿತು.

1991ರ ಗೇಮ್‌ನಲ್ಲಿ ರಾಜಕುಮಾರಿ ಜೆಲ್ಡಾಗೆ ಅಂತಲೇ ಒಂದು ಜೋಗುಳದಂಥ ಟ್ಯೂನ್ ಬಂತು. ಆದರೆ ದೊಡ್ಡ ಹೆಜ್ಜೆ 1998ರ ‘ಒಕರೀನಾ ಆಫ್ ಟೈಮ್’. ಒಕರೀನಾ ಅಂದರೆ ಅಂಗೈಯಲ್ಲಿ ಹಿಡಿಸುವ, ಊದಿ ನುಡಿಸುವ ವಾದ್ಯ. ಇಲ್ಲಿ ಅದನ್ನು ನುಡಿಸುವವರು ನಾವೇ. ಐದು ಬಟನ್, ಐದು ಸ್ವರ. ಕೆಳಗಿನ ಸ್ವರವನ್ನು ಷಡ್ಜ ಅಂತ ಇಟ್ಟುಕೊಂಡರೆ ಸ, ಕೋಮಲ ಗ, ಪ, ದ, ಮೇಲಿನ ಸ. ಶಿವರಂಜನಿ ರಾಗದಿಂದ ರಿಷಭ ತೆಗೆದರೆ ಉಳಿಯುವುದು ಇಷ್ಟೇ. ಜೆಲ್ಡಾಳ ಜೋಗುಳಕ್ಕೆ ಬೇಕಾದದ್ದು ಮೂರೇ ಸ್ವರ: ದ, ಮೇಲಿನ ಸ, ಪ. ಒಮ್ಮೆ ಗುನುಗಿ ನೋಡಿ.

ಈ ಟ್ಯೂನ್‌ಗಳು ಸುಮ್ನೆ ಹಿಂದೆ ಕೇಳಿಸುವುದಿಲ್ಲ. ಒಂದು ನುಡಿಸಿದರೆ ಕುದುರೆ ಓಡಿ ಬರುತ್ತದೆ. ಇನ್ನೊಂದಕ್ಕೆ ಮಳೆ ಸುರಿಯುತ್ತದೆ. ‘ಕಾಲದ ಹಾಡು’ ನುಡಿಸಿದರೆ ಗುಡಿಯ ಕಲ್ಲಿನ ಬಾಗಿಲು ತೆರೆಯುತ್ತದೆ. ಆಡುವವನ ಬೆರಳಿಗೇ ಸಂಗೀತ ಹತ್ತಿಕೊಂಡುಬಿಡುತ್ತದೆ. ಬೆರಳು ಕಲಿತದ್ದನ್ನು ಕಿವಿ ಮರೆಯುವುದಿಲ್ಲ ಅಲ್ವಾ?

ಅದೇ ಗೇಮ್‌ನ ಬಯಲಿನ ಸಂಗೀತವನ್ನು ನಾನು ಎಷ್ಟೋ ಸಲ ಬಿಚ್ಚಿ ನೋಡಿದ್ದೇನೆ. ಅದು ಒಂದೇ ಉದ್ದದ ಹಾಡಲ್ಲ. ಎಂಟೆಂಟು ಬಾರ್‌ಗಳ, ಅಂದರೆ ತಾಳದ ಎಂಟೆಂಟು ಸುತ್ತಿನ, ತುಣುಕುಗಳು. ಯಾವುದರ ಬಾಲಕ್ಕೆ ಯಾವುದು ಬಂದರೂ ಕೂಡಿಕೊಳ್ಳುತ್ತದೆ. ಶತ್ರು ಹತ್ತಿರ ಬಂದರೆ ಬಿಗಿಯಾದ ತುಣುಕು, ಸುಮ್ಮನೆ ನಿಂತರೆ ಶಾಂತವಾದದ್ದು. ನನ್ನ ಆ ಎರಡು ನಿಮಿಷದ ಟ್ಯೂನಿಗೆ ಬೇಕಿದ್ದದ್ದು ಇದೇ.

2000ದ ‘ಮಜೋರಾಸ್ ಮಾಸ್ಕ್’ನಲ್ಲಿ ಚಂದ್ರ ಮೂರು ದಿನದಲ್ಲಿ ಊರಿನ ಮೇಲೆ ಬೀಳಲಿದ್ದಾನೆ. ಊರಿನ ಟ್ಯೂನ್ ಮೂರೂ ದಿನ ಒಂದೇ, ಆದರೆ ದಿನದಿಂದ ದಿನಕ್ಕೆ ಲಯ ಏರುತ್ತದೆ. ಮೂರನೇ ದಿನ ಅದರ ಅಡಿಯಲ್ಲಿ ಭಯ ಹುಟ್ಟಿಸುವ ಮಂದ್ರದ ಎಳೆಯೊಂದು ಸೇರುತ್ತದೆ. 2011ರ ‘ಸ್ಕೈವರ್ಡ್ ಸ್ವೋರ್ಡ್’ನಲ್ಲಿ ದೇವಿಯ ಹಾಡು ಅಂತ ಒಂದಿದೆ. ಅದು ಜೆಲ್ಡಾಳ ಜೋಗುಳವನ್ನೇ ಕೊನೆಯಿಂದ ಮೊದಲಿಗೆ ತಿರುಗಿಸಿದ್ದು. ದೇವಿಗೂ ಜೆಲ್ಡಾಗೂ ಇರುವ ನಂಟನ್ನು ಕಥೆ ಬಾಯಿಬಿಟ್ಟು ಹೇಳುವ ಮೊದಲೇ ಟ್ಯೂನ್ ಹೇಳಿರುತ್ತದೆ.

ಆಮೇಲೆ 2017ರಲ್ಲಿ ‘ಬ್ರೆತ್ ಆಫ್ ದ ವೈಲ್ಡ್’ ಬಂತು. ಮನಾಕಾ ಕತಾವೊಕಾ, ಯಾಸುವಾಕಿ ಇವಾತಾ, ಹಾಜಿಮೆ ವಾಕಾಯಿ ಸಂಗೀತ ಕೊಟ್ಟವರು. ಬಯಲಿನಲ್ಲಿ ಆ ಹಳೆಯ ಗುರುತಿನ ರಾಗ ಮೊಳಗುವುದಿಲ್ಲ. ಗಾಳಿ, ಹುಲ್ಲು, ಹೆಜ್ಜೆ ಸದ್ದು, ಆಗಾಗ ಪಿಯಾನೋದ ನಾಲ್ಕಾರು ಸ್ವರ, ಮತ್ತೆ ಮೌನ. ಸಂಗೀತವೇ ಇಲ್ಲ ಅಂತ ಬೇಜಾರು ಮಾಡಿಕೊಂಡವರು ಬಹಳ ಮಂದಿ. ನಾನು ಒಪ್ಪುವುದಿಲ್ಲ. ಹಾಳಾಗಿ ನೂರು ವರ್ಷ ಕಳೆದ ರಾಜ್ಯ ಅದು. ಅಲ್ಲಿ ವಾದ್ಯಮೇಳ ಮೊಳಗಿದರೆ ಆ ನೂರು ವರ್ಷಕ್ಕೆ ಅರ್ಥವೇ ಇರುವುದಿಲ್ಲ.

ಆಟದ ಆರಂಭದಲ್ಲೇ ಒಂದು ಪಾಳುಬಿದ್ದ ಗುಡಿ ಸಿಗುತ್ತದೆ. ಅಲ್ಲಿ ಒಂದು ಸ್ವರ ಬರುತ್ತದೆ. ತುಂಬ ಹೊತ್ತು ಬಿಟ್ಟು ಇನ್ನೊಂದು. ಮೊದಲ ಸಲ ಅಲ್ಲಿಗೆ ಹೋದಾಗ ನನಗೂ ಏನೂ ಹೊಳೆಯಲಿಲ್ಲ. ಆಮೇಲೆ ಸ್ವರಗಳನ್ನು ಒಂದೊಂದಾಗಿ ಬರೆದುಕೊಂಡು, ನಡುವಿನ ಮೌನ ತೆಗೆದು ನುಡಿಸಿ ನೋಡಿದೆ. ‘ಕಾಲದ ಹಾಡು’! 1998ರಲ್ಲಿ ಬಾಗಿಲು ತೆರೆಯಲು ನುಡಿಸಿದ್ದ ಹಾಡೇ ಅದು. ಗೋಡೆ ಕುಸಿದ ಹಾಗೆಯೇ ಹಾಡೂ ಕುಸಿದು, ಸ್ವರಗಳು ಇಟ್ಟಿಗೆಗಳ ಹಾಗೆ ದೂರ ದೂರ ಬಿದ್ದಿದ್ದವು. ಆ ಗುಡಿಯ ಕಥೆಯನ್ನು ಯಾವ ಪಾತ್ರವೂ ಅಲ್ಲಿ ನಿಂತು ಇಷ್ಟು ಚೆನ್ನಾಗಿ ಹೇಳುವುದು ಸಾಧ್ಯವಿರಲಿಲ್ಲ.

ಹಳೆಯ ಗೇಮ್ ಆಡದವರಿಗೆ ಇದು ತಿಳಿಯುತ್ತದೆಯೇ? ಹಾಡು ತಿಳಿಯುವುದಿಲ್ಲ. ಆದರೆ ಏನೋ ಮುರಿದುಹೋಗಿದೆ ಅಂತ ತಿಳಿಯುತ್ತದೆ. ನನ್ನ ಅಕ್ಕನ ಮಗಳು ಹಿಂದಿನ ಯಾವ ಗೇಮನ್ನೂ ಆಡಿದವಳಲ್ಲ. ಆ ಗುಡಿಯೊಳಗೆ ಹೋದವಳು ಓಡುವುದನ್ನು ಬಿಟ್ಟು ನಡೆಯತೊಡಗಿದಳು. ಏನಾಯಿತು ಅಂತ ಕೇಳಿದೆ. “ಇಲ್ಲಿ ಓಡಬಾರದು ಅನ್ಸುತ್ತೆ ಮಾಮ” ಅಂದಳು.

ಆ ಗುರುತಿನ ರಾಗವೂ ಪೂರ್ತಿ ಹೋಗಿಲ್ಲ. ರಾತ್ರಿ ಹೊತ್ತು ಕುದುರೆ ಏರಿ, ಅವಸರವಿಲ್ಲದೆ ತುಂಬ ದೂರ ಹೋಗಬೇಕು. ಗೊರಸಿನ ಸದ್ದಿನ ಮೇಲೆ ಪಿಯಾನೋ ಶುರುವಾಗುತ್ತದೆ. ಬಹಳ ಹೊತ್ತಿನ ಮೇಲೆ, ತೀರಾ ನಿಧಾನವಾಗಿ, 1986ರ ಆ ಟ್ಯೂನ್ ಬರುತ್ತದೆ. ನಡುವೆ ಕುದುರೆ ಇಳಿದರೆ ಅದು ಅಲ್ಲೇ ಕರಗಿಹೋಗುತ್ತದೆ.