ಅದಿರು ಕೊಡುವವರು ಎರಡೇ ವಾರಕ್ಕೆ ಯಾಕೆ ಕಾಣೆಯಾಗುತ್ತಾರೆ?

ಓದುಗರ ಪ್ರಶ್ನೆ: "ಈವ್ ಆನ್‌ಲೈನ್ ಆಟದಲ್ಲಿ ಹಡಗು ಕಟ್ಟಿ ಮಾರುವ ಕೆಲಸಕ್ಕೆ ಇಳಿದಿದ್ದೇನೆ. ಅದಿರು ಕೊಡುತ್ತೇವೆ ಅಂತ ಬಂದವರು ಒಂದೆರಡು ವಾರ ಕೊಡುತ್ತಾರೆ, ಆಮೇಲೆ ಪತ್ತೆಯೇ ಇಲ್ಲ. ಪ್ರತಿ ಸಲ ಜೀಟಾಗೆ ಓಡಿ ಕೊಂಡು ತಂದರೆ ಲಾಭ ಉಳಿಯುವುದಿಲ್ಲ. ನಂಬಿಕೆಯ ಪೂರೈಕೆದಾರರನ್ನು ಉಳಿಸಿಕೊಳ್ಳುವುದು ಹೇಗೆ?"

ಉತ್ತರ: ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಈವ್ ಆನ್‌ಲೈನ್ ಐಸ್‌ಲ್ಯಾಂಡಿನ ಸಿಸಿಪಿ ಕಂಪನಿಯ ಆಟ, 2003ರಿಂದ ನಡೆಯುತ್ತಿದೆ. ಅಲ್ಲಿ ಹಾರಾಡುವ ಹಡಗುಗಳಲ್ಲಿ ಬಹುಪಾಲನ್ನು ಆಟಗಾರರೇ ಕಟ್ಟಬೇಕು, ಅದಕ್ಕೆ ಬೇಕಾದ ಅದಿರನ್ನು ಆಟಗಾರರೇ ಅಗೆಯಬೇಕು, ಒಬ್ಬರಿಂದೊಬ್ಬರಿಗೆ ಆಟಗಾರರೇ ಸಾಗಿಸಬೇಕು. ಹಣಕ್ಕೆ ಇಸ್ಕ್ ಅಂತ ಹೆಸರು. ಜೀಟಾ ಅಲ್ಲಿನ ದೊಡ್ಡ ಸಂತೆ. ಏನನ್ನು ಬೇಕಾದರೂ ಅಲ್ಲಿ ಮಾರಬಹುದು, ಕೊಳ್ಳಬಹುದು.

ನಿಮ್ಮ ತೊಂದರೆಯ ಬೇರೂ ಅಲ್ಲೇ ಇದೆ. ಜೀಟಾದಲ್ಲಿ ಸದಾ ಗಿರಾಕಿ ಇರುವಾಗ ಗಣಿಗಾರ ನಿಮಗೇ ಯಾಕೆ ಕೊಡಬೇಕು? ಇದನ್ನು ಆತನ ಜಾಗದಲ್ಲಿ ಕೂತು ಯೋಚಿಸಿ. ಜೀಟಾಗೆ ಒಯ್ಯಲು ಅವನಿಗೆ ಒಂದು ಸಂಜೆ ಹೋಗುತ್ತದೆ. ದಾರಿಯಲ್ಲಿ ಉಎಡಾಮಾದಂಥ ಕಡೆ ಸರಕಿನ ಹಡಗಿಗಾಗಿಯೇ ಹೊಂಚು ಹಾಕಿ ಕೂತಿರುವ ತಂಡಗಳಿವೆ. ತಲುಪಿದ ಮೇಲೆ ಒಳ್ಳೆ ಬೆಲೆ ಬೇಕೆಂದರೆ ಸರಕನ್ನು ಮಾರಾಟಕ್ಕೆ ಇಟ್ಟು ಕಾಯಬೇಕು, ದಲ್ಲಾಳಿ ಶುಲ್ಕ, ತೆರಿಗೆ ಎರಡನ್ನೂ ಕಟ್ಟಬೇಕು. ನೀವು ಅವನ ನಿಲ್ದಾಣದಲ್ಲೇ ಸರಕು ಎತ್ತಿಕೊಂಡರೆ ಇಷ್ಟೂ ತಾಪತ್ರಯ ಅವನಿಗೆ ತಪ್ಪುತ್ತದೆ. ಅವನು ಜೀಟಾ ದರಕ್ಕಿಂತ ಕಡಿಮೆಗೆ ಕೊಡುವುದು ಇದಕ್ಕಾಗಿಯೇ. ಆ ಸೋಡಿಯ ಬದಲಿಗೆ ನಿಮ್ಮಿಂದ ಅವನಿಗೆ ನೆಮ್ಮದಿ ಸಿಗಬೇಕು. ಸಿಗದಿದ್ದರೆ ಜೀಟಾ ಇದ್ದೇ ಇದೆ.

ನಮ್ಮ ಮನೆಗಳಲ್ಲಿ ಹಾಲಿಗೆ ವರ್ತನೆ ಇಟ್ಟುಕೊಳ್ಳುತ್ತೇವಲ್ಲ, ಈ ವ್ಯವಹಾರ ಅದೇ ಜಾತಿಯದು. ದಿನಾ ಇಂತಿಷ್ಟು ಹಾಲು, ತಿಂಗಳ ಮೊದಲ ವಾರ ಲೆಕ್ಕ ಚುಕ್ತಾ. ಹಾಲಿನವರು ಹಬ್ಬದ ದಿನ ಬೇರೆ ಕಡೆ ಬೆಲೆ ಏರಿತೆಂದು ನಮ್ಮ ಬಾಗಿಲು ತಪ್ಪಿಸುವುದಿಲ್ಲ, ನಾವೂ ಮೂಲೆ ಅಂಗಡಿಯಲ್ಲಿ ಎರಡು ರೂಪಾಯಿ ಅಗ್ಗ ಅಂತ ಅವರನ್ನು ವಾಪಸು ಕಳಿಸುವುದಿಲ್ಲ. ನಿಮಗೆ ಬೇಕಾಗಿರುವುದು ಇಂಥ ವರ್ತನೆ. ಅದು ಕುದುರುವುದು ಗಿರಾಕಿಯ ನಡತೆಯಿಂದ. ಈ ಮಾತನ್ನು ನಾನು ಪೆಟ್ಟು ತಿಂದು ಕಲಿತೆ.

ನಾನು ಜೀಟಾದಿಂದ ಹದಿನಾಲ್ಕು ಜಿಗಿತ (ಒಂದು ನಕ್ಷತ್ರ ಮಂಡಲದಿಂದ ಇನ್ನೊಂದಕ್ಕೆ ಹಾರುವುದು ಒಂದು ಜಿಗಿತ) ದೂರದ ಒಂದು ಮೂಲೆಯಲ್ಲಿ ರೇವನ್ ಹಡಗುಗಳನ್ನು ಕಟ್ಟುತ್ತಿದ್ದೆ. ಅಲ್ಲೇ ಒಬ್ಬ ಗಣಿಗಾರ ಸಿಕ್ಕ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಅದಿರನ್ನು ಕಂಪ್ರೆಸ್ ಮಾಡಿ, ಅಂದರೆ ಕಡಿಮೆ ಜಾಗ ಹಿಡಿಯುವಂತೆ ಒತ್ತಿ, ಬಗೆಬಗೆಯಾಗಿ ಬೇರ್ಪಡಿಸಿ, ವಾರಕ್ಕೊಂದು ಕಾಂಟ್ರ್ಯಾಕ್ಟ್ (ಸರಕು, ಬೆಲೆ ಎರಡೂ ನಮೂದಾದ ಆಟದೊಳಗಿನ ಒಪ್ಪಂದ) ಕಳಿಸುತ್ತಿದ್ದ. ಜೀಟಾದಲ್ಲಿ ಕೊಳ್ಳುವವರು ಕೂಗುವ ದರದ ನೂರಕ್ಕೆ ತೊಂಬತ್ತೆರಡು ಅಂತ ಮಾತಾಗಿತ್ತು. ಒಂದು ಸಲ ಅವನು ಶುಕ್ರವಾರ ಕಾಂಟ್ರ್ಯಾಕ್ಟ್ ಹಾಕಿದ್ದ, ನಾನು ಆಟಕ್ಕೆ ಬಂದದ್ದು ಭಾನುವಾರ. ಅಷ್ಟರಲ್ಲಿ ಅದಿರಿನಿಂದ ಸಿಗುವ ಟ್ರಿಟೇನಿಯಂ ಎಂಬ ಖನಿಜದ ಬೆಲೆ ಚೂರು ಇಳಿದಿತ್ತು. ವ್ಯತ್ಯಾಸ ಎಲ್ಲಾ ಸೇರಿ ನಲವತ್ತು ಲಕ್ಷ ಇಸ್ಕ್. ಒಂದು ರೇವನ್ ಬೆಲೆಯ ಮುಂದೆ ಅದು ಲೆಕ್ಕಕ್ಕೇ ಬಾರದ ಮೊತ್ತ. ನಾನು ಕಾಂಟ್ರ್ಯಾಕ್ಟ್ ತಿರಸ್ಕರಿಸಿ, ಇವತ್ತಿನ ದರಕ್ಕೆ ಹಾಕಿ ಕಳಿಸಿ ಅಂತ ಒಂದು ಸಾಲು ಬರೆದೆ. ಅವನು ಹಾಕಿ ಕಳಿಸಿದ. ಅದೇ ಕೊನೆ.

ಮೂರು ವಾರ ಕಾದು ಮೇಲ್ ಬರೆದೆ. ಉತ್ತರ ಬಂತು: ಬೆಲೆ ಕಡಿಮೆಯಾದದ್ದಕ್ಕೆ ಬೇಸರವಿಲ್ಲ, ಯಾವ ದಿನದ ಬೆಲೆ ಅಂತ ನನಗೆ ಮೊದಲೇ ಗೊತ್ತಿರಬೇಕಿತ್ತು. ಆ ಮಾತು ಸರಿಯಾಗಿಯೇ ನಾಟಿತು. ಆವತ್ತೇ ಕೂತು ನಾಲ್ಕು ಸಾಲಿನ ನಿಯಮ ಬರೆದು ಕಳಿಸಿದೆ. ಕಾಂಟ್ರ್ಯಾಕ್ಟ್ ಹಾಕಿದ ದಿನದ ದರವೇ ದರ. ಏರಿದರೂ ಇಳಿದರೂ ಬದಲಿಲ್ಲ. ವಾರಕ್ಕೆ ಇಷ್ಟು ಅದಿರಿನ ತನಕ ನಾನು ಖಂಡಿತ ಕೊಳ್ಳುತ್ತೇನೆ. ಎರಡು ದಿನದೊಳಗೆ ಒಪ್ಪಿಕೊಳ್ಳುತ್ತೇನೆ. ಊರಿಗೆ ಹೋಗುವುದಿದ್ದರೆ ಮೊದಲೇ ತಿಳಿಸುತ್ತೇನೆ. ಒಂದು ತಿಂಗಳಾದ ಮೇಲೆ ಅವನು ಮತ್ತೆ ಶುರುಮಾಡಿದ.

ಬೆಲೆಯ ವಿಷಯದಲ್ಲಿ ಹೊಸಬರು ಮಾಡುವ ದೊಡ್ಡ ತಪ್ಪು ಇನ್ನೊಂದಿದೆ. ಇಷ್ಟೇ ಇಸ್ಕ್ ಅಂತ ಸಂಖ್ಯೆ ಗೊತ್ತುಮಾಡಿಬಿಡುತ್ತಾರೆ. ಮಾರುಕಟ್ಟೆ ಏರಿದರೆ ಅವನಿಗೆ ಹೊಟ್ಟೆಯುರಿ, ಇಳಿದರೆ ನಿಮಗೆ. ಜೀಟಾ ದರದ ಇಷ್ಟು ಪಾಲು, ಇಂಥ ದಿನದ್ದು, ಕೊಳ್ಳುವ ದರವೋ ಮಾರುವ ದರವೋ ಎಂದು ಸೂತ್ರವನ್ನೇ ಗೊತ್ತುಮಾಡಿ. ಪ್ರತಿ ಸಲದ ಚೌಕಾಸಿ ನಿಲ್ಲುತ್ತದೆ. ನನ್ನ ಅನುಭವದಲ್ಲಿ ಗಣಿಗಾರರು ನೂರಕ್ಕೆ ಎರಡು ಕಡಿಮೆ ಸಿಕ್ಕರೂ ಸಹಿಸಿಕೊಳ್ಳುತ್ತಾರೆ, ಚೌಕಾಸಿಗೆ ಬೇಸತ್ತು ಹೋಗುತ್ತಾರೆ.

ಇನ್ನು ಮೋಸದ ಮಾತು. ಈ ಆಟದಲ್ಲಿ ವ್ಯಾಪಾರದ ಮೋಸಕ್ಕೆ ಕಂಪನಿ ಶಿಕ್ಷೆ ಕೊಡುವುದಿಲ್ಲ, ಅದು ಆಟದ ಭಾಗ. 2009ರಲ್ಲಿ ಆಟಗಾರರೇ ನಡೆಸುತ್ತಿದ್ದ ಇಬ್ಯಾಂಕ್ ಎಂಬ ಸಂಸ್ಥೆಯಿಂದ ಅದರ ಮುಖ್ಯಸ್ಥನೇ ಸುಮಾರು 20,000 ಕೋಟಿ ಇಸ್ಕ್ ಎತ್ತಿ ನಿಜದ ದುಡ್ಡಿಗೆ ಮಾರಿಕೊಂಡ. ಸಿಸಿಪಿ ಅವನನ್ನು ಹೊರಹಾಕಿದ್ದು ನಿಜದ ದುಡ್ಡಿಗೆ ಮಾರಿದ್ದಕ್ಕಾಗಿ. ಕದ್ದದ್ದು ಆಟದ ನಿಯಮದ ಪ್ರಕಾರ ಅಪರಾಧವೇ ಆಗಿರಲಿಲ್ಲ. ಹಾಗಾಗಿ ಕಾಂಟ್ರ್ಯಾಕ್ಟ್ ವ್ಯವಸ್ಥೆ ಕಾಯಬಲ್ಲ ಕಡೆ ನಂಬಿಕೆಯನ್ನು ಪಣಕ್ಕಿಡಬೇಡಿ. ಸರಕು ಮತ್ತು ಹಣ ಕೈ ಬದಲಾಗುವುದು ಯಾವಾಗಲೂ ಕಾಂಟ್ರ್ಯಾಕ್ಟ್ ಮೂಲಕವೇ ಆಗಲಿ. ಅವನು ಹಾಕಿದ ಕ್ಷಣದಿಂದ ಸರಕು ಅದರೊಳಗೆ ಬೀಗ ಬಿದ್ದಿರುತ್ತದೆ, ನೀವು ಒಪ್ಪಿದ ಕ್ಷಣ ಎರಡೂ ಒಟ್ಟಿಗೆ ದಾಟುತ್ತವೆ. ನಿಮ್ಮ ಹೆಸರಿಗೇ ಖಾಸಗಿಯಾಗಿ ಹಾಕಲು ಹೇಳಿ. ಒಪ್ಪುವ ಮೊದಲು ಸೊನ್ನೆಗಳನ್ನು ಬೆರಳಿಟ್ಟು ಎಣಿಸಿ. ಕೊಡುವ ಮೊತ್ತದ ಕಡೆ ಇದೆಯೋ ಪಡೆಯುವ ಮೊತ್ತದ ಕಡೆ ಇದೆಯೋ ಅಂತಲೂ ನೋಡಿ. ಹಳೇ ಪರಿಚಯದವನೇ ಆದರೂ ನೋಡಿ, ಕೈತಪ್ಪಿ ಒಂದು ಸೊನ್ನೆ ಹೆಚ್ಚು ಬೀಳಲು ಕೆಟ್ಟ ಬುದ್ಧಿಯೇ ಬೇಕಿಲ್ಲ.

ಸಾಗಣೆ ಬೇರೆಯವರಿಗೆ ಕೊಡುವುದಾದರೆ ಕೊರಿಯರ್ ಕಾಂಟ್ರ್ಯಾಕ್ಟಿನಲ್ಲಿ ಸಾಗಣೆದಾರನಿಂದ ಈಡು ಕೇಳಬಹುದು. ಸರಕು ದಾರಿಯಲ್ಲಿ ಕಳೆದುಹೋದರೆ ಆ ಈಡಿನ ಹಣ ನಿಮಗೆ ಬರುತ್ತದೆ. ಸರಕಿನ ಬೆಲೆಗೆ ಒಪ್ಪುವಷ್ಟೇ ಕೇಳಿ. ಸಾಗಣೆದಾರನಿಗೂ ಭಯ ಇರುತ್ತದೆ ಎಂಬುದು ನೆನಪಿರಲಿ: ಅವನನ್ನು ಒಳಗೇ ಬಿಡದ ನಿಲ್ದಾಣಕ್ಕೆ ಸರಕು ಒಯ್ಯಲು ಹೇಳಿ, ತಲುಪಿಸಲಾಗದಂತೆ ಮಾಡಿ ಈಡು ನುಂಗುವ ಹಳೆಯ ಮೋಸವೊಂದಿದೆ. ಆಟಗಾರರು ಕಟ್ಟಿದ ನಿಲ್ದಾಣಕ್ಕೆ ಬರಲು ಒಳ್ಳೆ ಸಾಗಣೆದಾರರು ಹಿಂದೆ ಮುಂದೆ ನೋಡುವುದು ಅದಕ್ಕೇ.

ಮುಂಗಡ ಕೊಡಬೇಕೇ ಅಂತ ಹಲವರು ಕೇಳುತ್ತಾರೆ. ಮೊದಲ ತಿಂಗಳು ಬೇಡವೇ ಬೇಡ. ಆಮೇಲೂ ಕೊಡುವುದಾದರೆ, ನಾಳೆ ಬೆಳಿಗ್ಗೆ ಆ ಹಣ ಹೋಯಿತು ಅಂದರೆ ನಿಮ್ಮ ಕಾರ್ಖಾನೆ ನಿಲ್ಲಬಾರದು, ಅಷ್ಟು ಮಾತ್ರ. ಸಣ್ಣ ಕಾಂಟ್ರ್ಯಾಕ್ಟ್‌ನಿಂದ ಶುರುಮಾಡಿ, ನಾಲ್ಕು ವಾರ ಸರಿಯಾಗಿ ನಡೆದರೆ ಮೊತ್ತ ಹೆಚ್ಚಿಸಿ. ಜೀಟಾಗಿಂತ ಅರ್ಧ ಬೆಲೆಗೆ ಕೊಡುತ್ತೇನೆ ಅನ್ನುವವರಿಂದ ದೂರ ಇರಿ.

ಒಬ್ಬನೇ ಪೂರೈಕೆದಾರ ಎಷ್ಟೇ ಒಳ್ಳೆಯವನಾಗಿರಲಿ, ಸಾಲದು. 2020ರಲ್ಲಿ ಟ್ರಿಗ್ಲೇವಿಯನ್ನರು ಎಂಬ ಆಟದೊಳಗಿನ ಶತ್ರು ಪಡೆಯ ದಾಳಿಯಲ್ಲಿ ನಿಯಾರ್ಜ ಎಂಬ ನಕ್ಷತ್ರ ಮಂಡಲ ಕೈತಪ್ಪಿದಾಗ ಜೀಟಾ ಮತ್ತು ಅಮಾರ್ ಸಂತೆಗಳ ನಡುವಿನ ಸುರಕ್ಷಿತ ದಾರಿ ಹತ್ತರ ಆಸುಪಾಸಿನ ಜಿಗಿತದಿಂದ ನಲವತ್ತು ದಾಟಿತು. ಆ ದಾರಿಯನ್ನೇ ನಂಬಿದ್ದವರ ಲೆಕ್ಕ ಒಂದೇ ಏಟಿಗೆ ತಲೆಕೆಳಗಾಯಿತು. ಅದೇ ಕಾಲಕ್ಕೆ ಸಿಸಿಪಿ ಖನಿಜಗಳ ಹಂಚಿಕೆಯನ್ನೂ ಬದಲಿಸಿ ಕೊರತೆ ತಂದಿತು. ಎರಡು ದಿಕ್ಕಿನಲ್ಲಿ ಎರಡು ವರ್ತನೆ ಇರಲಿ, ಮೂರನೆಯದಾಗಿ ಜೀಟಾ ಹೇಗೂ ಇದೆ. ಚಂದ್ರನ ಅದಿರು ಕೊಡುವವರಾದರೆ ವಾರವಾರ ಕೇಳಿ ಪೀಡಿಸಬೇಡಿ. ಅವರು ಚಂದ್ರನಿಂದ ಅದಿರಿನ ಬಂಡೆ ಎಳೆಯಲು ಹಚ್ಚಿದರೆ ಅದು ಬಂದು ನಿಲ್ಲಲು 6 ದಿನವೂ ಆಗಬಹುದು, 56 ದಿನವೂ ಆಗಬಹುದು. ಅವರ ದಿನಾಂಕ ಕೇಳಿಕೊಂಡು ನಿಮ್ಮ ಉತ್ಪಾದನೆಯನ್ನು ಅದಕ್ಕೆ ಹೊಂದಿಸಿ.

ಭಾರತದಿಂದ ಆಡುವ ನಮಗೆ ಇನ್ನೊಂದು ತೊಡಕು, ಗಂಟೆಯದು. ಆಟ ನಿತ್ಯ ಸಂಜೆ ನಾಲ್ಕೂವರೆಗೆ ಸ್ವಲ್ಪ ಹೊತ್ತು ನಿಂತು ಮತ್ತೆ ಶುರುವಾಗುತ್ತದೆ. ಯುರೋಪಿನವರು ಕೆಲಸ ಮುಗಿಸಿ ಕೂರುವ ಹೊತ್ತಿಗೆ ನಮಗೆ ನಡುರಾತ್ರಿ. ಹಾಗಾಗಿ ಮುಖಾಮುಖಿ ಮಾತಿಗಿಂತ ಮೇಲ್ ಮತ್ತು ಕಾಂಟ್ರ್ಯಾಕ್ಟ್ ಮೇಲೆಯೇ ವ್ಯವಹಾರ ನಿಲ್ಲಿಸಿಕೊಳ್ಳಿ. ನೀವು ಬರುವ ಗಂಟೆಯನ್ನು ಆಟದ ಗಡಿಯಾರದಲ್ಲೇ ಬರೆದು ತಿಳಿಸಿ. ರಾತ್ರಿ ಒಂಬತ್ತು ಅಂದರೆ ಯಾರ ರಾತ್ರಿ ಅಂತ ಅವರು ತಲೆ ಕೆರೆದುಕೊಳ್ಳಬಾರದು.

ಕಡೆಗೆ ಎಲ್ಲರೂ ಒಂದು ದಿನ ಆಟ ಬಿಡುತ್ತಾರೆ. ಪರೀಕ್ಷೆ, ಮಗು, ಹೊಸ ನೌಕರಿ, ಏನೋ ಒಂದು. ನನ್ನ ಆ ಗಣಿಗಾರನೂ ಬಿಟ್ಟ. ಬಿಡುವ ವಾರ ಒಂದು ಮೇಲ್ ಕಳಿಸಿದ್ದ. ಇದು ನನ್ನ ಕೊನೆಯ ಲೋಡು, ನಮ್ಮ ತಂಡದ ಇನ್ನೊಬ್ಬನಿಗೆ ನಿಮ್ಮ ನಾಲ್ಕು ಸಾಲು ಕಳಿಸಿದ್ದೇನೆ, ಅವನಿಗೆ ಒಪ್ಪಿಗೆ ಇದೆ. ಮುಂದಿನ ಶುಕ್ರವಾರ ಆಟ ತೆರೆದಾಗ ಗುರುತಿಲ್ಲದ ಒಂದು ಹೆಸರಿನಿಂದ ಕಾಂಟ್ರ್ಯಾಕ್ಟ್ ಬಂದು ಕೂತಿತ್ತು. ಅದಿರು ಬಗೆಬಗೆಯಾಗಿ ಬೇರ್ಪಟ್ಟಿತ್ತು, ಆವತ್ತಿನ ದರಕ್ಕೆ ತೊಂಬತ್ತೆರಡರ ಲೆಕ್ಕ ಸರಿಯಾಗಿತ್ತು.