ಸವಾರ ಮೊದಲ ಸ್ಥಾನದಲ್ಲಿ, ತಂಡ ಐದನೆಯದರಲ್ಲಿ: ಲೆಕ್ಕ ತಪ್ಪಿತೇ?

ಪ್ರಶ್ನೆ: ನಾವೊಂದಷ್ಟು ಗೆಳೆಯರು ಸೇರಿ ಪ್ರೊ ಸೈಕ್ಲಿಂಗ್ ಮ್ಯಾನೇಜರ್ ಎಂಬ ಕಂಪ್ಯೂಟರ್ ಆಟದಲ್ಲಿ ಲೀಗ್ ನಡೆಸುತ್ತೇವೆ. ಒಬ್ಬೊಬ್ಬರದೂ ಒಂದು ತಂಡ, ರೇಸ್ ಓಡಿಸುವುದು ಕಂಪ್ಯೂಟರ್. ಈ ಸೀಸನ್ನಿನ ಕೊನೆಗೆ ಸವಾರರ ಪಟ್ಟಿಯಲ್ಲಿ ಮೊದಲು ಬಂದದ್ದು ನನ್ನ ತಂಡದ ಸವಾರ. ಆದರೆ ತಂಡಗಳ ಪಟ್ಟಿಯಲ್ಲಿ ನನ್ನದು ಐದನೆಯ ಸ್ಥಾನ. ಅಂಕಗಳು ಅವೇ ತಾನೇ? ಹಾಗಾದರೆ ಲೆಕ್ಕದಲ್ಲಿ ಏನೋ ಎಡವಟ್ಟಾಗಿರಬೇಕಲ್ಲವೇ?

ಉತ್ತರ: ಎಡವಟ್ಟಾಗಿರುವ ಸಾಧ್ಯತೆ ಕಡಿಮೆ. ಅಂಕದ ಶೀಟಿನಲ್ಲಿ ಯಾವುದಾದರೂ ರೇಸ್ ಬಿಟ್ಟುಹೋಗಿದೆಯೇ ಎಂದು ಒಮ್ಮೆ ನೋಡಿ, ಅದು ನಿಮ್ಮ ಹಕ್ಕು. ಆದರೆ ಲೀಗ್ ನಡೆಸುತ್ತಿರುವ ಗೆಳೆಯನ ಮೇಲೆ ಹರಿಹಾಯುವ ಮೊದಲು ನಿಯಮಾವಳಿಯ ಒಂದು ಸಾಲನ್ನು ಹುಡುಕಿ: ತಂಡದ ಮೊತ್ತಕ್ಕೆ ಎಷ್ಟು ಸವಾರರ ಅಂಕ ಸೇರುತ್ತದೆ? ಸೀಸನ್ ಕೊನೆಯಲ್ಲಿ ಬರುವ ಇಂಥ ಜಗಳಗಳಲ್ಲಿ ಮುಕ್ಕಾಲು ಪಾಲು ಆ ಒಂದು ಸಾಲಿನಲ್ಲೇ ಮುಗಿಯುತ್ತವೆ.

ಐಪಿಎಲ್ ನೋಡುವವರಿಗೆ ಅರ್ಧ ಉತ್ತರ ಆಗಲೇ ಗೊತ್ತಿದೆ. 2016ರಲ್ಲಿ ವಿರಾಟ್ ಕೊಹ್ಲಿ 973 ರನ್ ಹೊಡೆದು ಆರೆಂಜ್ ಕ್ಯಾಪ್ ತೊಟ್ಟರು, ಕಪ್ಪು ಹೈದರಾಬಾದಿಗೆ ಹೋಯಿತು. 2025ರಲ್ಲಿ ಸಾಯಿ ಸುದರ್ಶನ್ ಅವರ ಆರೆಂಜ್ ಕ್ಯಾಪ್, ನಮ್ಮವರೇ ಆದ ಪ್ರಸಿದ್ಧ ಕೃಷ್ಣ ಅವರ ಪರ್ಪಲ್ ಕ್ಯಾಪ್ ಎರಡೂ ಗುಜರಾತ್ ಟೈಟನ್ಸ್ ಪಾಲಾದವು, ಕಪ್ಪು ಮಾತ್ರ ಕೊನೆಗೂ ಆರ್‌ಸಿಬಿಗೆ ಬಂತು. ಆದರೆ ಕ್ರಿಕೆಟ್ಟಿನಲ್ಲಿ ಗೊಂದಲವಾಗುವುದಿಲ್ಲ, ಏಕೆಂದರೆ ರನ್ನೇ ಬೇರೆ, ಪಂದ್ಯ ಗೆದ್ದ ಅಂಕವೇ ಬೇರೆ. ಸೈಕ್ಲಿಂಗ್ ಲೀಗಿನಲ್ಲಿ ಎರಡೂ ಪಟ್ಟಿಗಳು ಹುಟ್ಟುವುದು ಅವೇ ಅಂಕಗಳಿಂದ. ನಿಮಗೆ ಅನುಮಾನ ಬಂದದ್ದೂ ಅದಕ್ಕೇ.

ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಮೊದಲ ತಂಡದ ಐವರು ಸವಾರರು ಗಳಿಸಿದ್ದು 900, 150, 100, 60, 40. ಎರಡನೆಯ ತಂಡದವರು 420, 380, 300, 260, 240. ಸವಾರರ ಪಟ್ಟಿಯ ತುದಿಯಲ್ಲಿ 900 ಅಂಕದವನು ಕೂತಿದ್ದಾನೆ, ಹತ್ತಿರಕ್ಕೆ ಬಂದವರೂ ಇಲ್ಲ. ಈಗ ಪ್ರತಿ ತಂಡದ ಉತ್ತಮ ಮೂವರನ್ನು ಮಾತ್ರ ಕೂಡಿ: ಮೊದಲ ತಂಡಕ್ಕೆ 1150, ಎರಡನೆಯದಕ್ಕೆ 1100. ಮೊದಲ ತಂಡ ಗೆದ್ದಿತು. ಐವರನ್ನೂ ಕೂಡಿ: 1250 ಮತ್ತು 1600. ಎರಡನೆಯ ತಂಡ ಬಹಳ ಮುಂದೆ ಹೋಯಿತು. ರೇಸ್ ಅವೇ, ಅಂಕ ಅವೇ, ಬದಲಾದದ್ದು ಮೂರು ಎಂಬ ಸಂಖ್ಯೆ ಐದಾದದ್ದಷ್ಟೇ. ನಿಮ್ಮ ಲೀಗಿನಲ್ಲಿ ತಂಡದ ಎಲ್ಲ ಸವಾರರ ಅಂಕವನ್ನೂ ಕೂಡುವ ಪದ್ಧತಿಯಿದ್ದರೆ, ಒಬ್ಬನೇ ಹುಲಿಯನ್ನು ಇಟ್ಟುಕೊಂಡ ತಂಡ ಐದನೆಯ ಸ್ಥಾನಕ್ಕೆ ಇಳಿಯುವುದು ಸಹಜ.

ಇದು ಆಟದ ಲೋಕದ ವಿಚಿತ್ರವೇನಲ್ಲ. ನಿಜವಾದ ರಸ್ತೆ ಸೈಕ್ಲಿಂಗಿನಲ್ಲೂ ಹೀಗೇ ಆಗಿದೆ, ಅದೂ ಈ ಕಾಲದ ಅತಿ ದೊಡ್ಡ ಸವಾರನಿಗೇ. 2021ರ ಕೊನೆಗೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ಪಟ್ಟಿಯಲ್ಲಿ ಯುಎಇ ತಂಡದ ಸ್ಲೊವೇನಿಯನ್ ಸವಾರ ತಾದೇಯ್ ಪೊಗಾಚಾರ್ ಮೊದಲಿಗ. ತಂಡಗಳಲ್ಲಿ ಮೊದಲು ಬಂದದ್ದು ಬೆಲ್ಜಿಯಂನ ಡೆಕೊನಿಂಕ್ ಕ್ವಿಕ್‌ಸ್ಟೆಪ್. 2022ರಲ್ಲಿ ಮತ್ತೆ ಪೊಗಾಚಾರ್ ಮೊದಲಿಗ, ತಂಡಗಳಲ್ಲಿ ಮಾತ್ರ ನೆದರ್ಲೆಂಡ್ಸಿನ ಯಂಬೊ ವಿಸ್ಮಾ. ಆ ತಂಡದಲ್ಲಿ ಟೂರ್ ದ ಫ್ರಾನ್ಸ್ ಗೆದ್ದ ಯೋನಾಸ್ ವಿಂಗೆಗೋರ್ ಇದ್ದರು, ವೌಟ್ ವಾನ್ ಆರ್ಟ್ ಇದ್ದರು, ಪ್ರಿಮೋಜ್ ರೋಗ್ಲಿಚ್ ಇದ್ದರು. ಒಬ್ಬರು ಸುಸ್ತಾದರೆ ಇನ್ನೊಬ್ಬರು ಅಂಕ ತರುತ್ತಿದ್ದರು.

2023ರ ಕಥೆ ಇನ್ನೂ ಸ್ವಾರಸ್ಯದ್ದು, ನಾನಂತೂ ಅದನ್ನು ಮತ್ತೆ ಮತ್ತೆ ಹೇಳುತ್ತಿರುತ್ತೇನೆ. ಆ ವರ್ಷ ಯಂಬೊ ವಿಸ್ಮಾ ಗ್ರ್ಯಾಂಡ್ ಟೂರ್ ಎನ್ನುವ ಮೂರು ವಾರಗಳ ದೊಡ್ಡ ರೇಸ್ ಮೂರನ್ನೂ ಗೆದ್ದಿತು. ಇಟಲಿಯ ಜಿರೊ ರೋಗ್ಲಿಚ್‌ಗೆ, ಟೂರ್ ದ ಫ್ರಾನ್ಸ್ ವಿಂಗೆಗೋರ್‌ಗೆ, ಸ್ಪೇನಿನ ವುವೆಲ್ತಾ ಸೆಪ್ ಕುಸ್‌ಗೆ. ಒಂದೇ ವರ್ಷದಲ್ಲಿ ಒಂದೇ ತಂಡ ಮೂರನ್ನೂ ಗೆದ್ದದ್ದು ಅದೇ ಮೊದಲು. ಆದರೂ ವರ್ಷದ ತಂಡ ಶ್ರೇಯಾಂಕದಲ್ಲಿ ಮೊದಲು ಬಂದದ್ದು ಯುಎಇ. ಅವರ ಕಡೆ ಜಿರೊದಲ್ಲಿ ಜೊವಾವ್ ಅಲ್ಮೇಡಾ ಮೂರನೆಯವರು, ಟೂರ್‌ನಲ್ಲಿ ಪೊಗಾಚಾರ್ ಎರಡನೆಯವರು, ಆ್ಯಡಮ್ ಯೇಟ್ಸ್ ಮೂರನೆಯವರು, ವುವೆಲ್ತಾದಲ್ಲಿ ಹ್ವಾನ್ ಆಯುಸೊ ನಾಲ್ಕನೆಯವರು. ಇದರ ಮೇಲೆ ಪೊಗಾಚಾರ್ ವಸಂತದ ರೇಸ್‌ಗಳಲ್ಲಿ ಬಾಚಿಕೊಂಡ ಅಂಕ. ಅದೇ ವರ್ಷದಿಂದ ಯುಸಿಐ ತಂಡದ ಮೊತ್ತಕ್ಕೆ ಸೇರಿಸುವ ಸವಾರರ ಸಂಖ್ಯೆಯನ್ನು 10ರಿಂದ 20ಕ್ಕೆ ಏರಿಸಿತ್ತು. ಉದ್ದದ ಪಟ್ಟಿ, ಆಳವಾದ ತಂಡ, ಎರಡೂ ಕೂಡಿಬಂದವು.

ಇನ್ನು ಒಂದೇ ರೇಸಿನ ಒಳಗಿನ ತಂಡ ಪಟ್ಟಿ. ಟೂರ್ ದ ಫ್ರಾನ್ಸ್‌ನಲ್ಲಿ ಪ್ರತಿದಿನ ತಂಡದ ಅತಿ ವೇಗದ ಮೂವರ ಸಮಯ ಕೂಡುತ್ತಾರೆ, ಅಂಕವಲ್ಲ. 2019ರಲ್ಲಿ ಇನಿಯೋಸ್ ತಂಡದ ಎಗಾನ್ ಬರ್ನಾಲ್ ಮೊದಲು, ಗೆರೈಂಟ್ ಥಾಮಸ್ ಎರಡನೆಯವರು. ತಂಡ ಪ್ರಶಸ್ತಿ ಸ್ಪೇನಿನ ಮೊವಿಸ್ಟಾರ್‌ಗೆ ಹೋಯಿತು. ಅವರ ಮೂವರು, ಲಾಂಡಾ, ಕಿಂಟಾನಾ, ವಾಲ್ವೆರ್ದೆ, ಮುಗಿಸಿದ್ದು 6, 8 ಮತ್ತು 9ನೆಯ ಸ್ಥಾನದಲ್ಲಿ. ಮೂರನೆಯ ಸವಾರ ಬೆಟ್ಟದ ದಿನಗಳಲ್ಲಿ ಎಷ್ಟು ಹಿಂದೆ ಬೀಳುತ್ತಾನೆ ಎನ್ನುವುದೇ ಈ ಪಟ್ಟಿಯ ಮರ್ಮ. ಇನಿಯೋಸ್‌ನವರು ಅದಕ್ಕಾಗಿ ತಲೆ ಕೆಡಿಸಿಕೊಂಡಿರಲಿಕ್ಕಿಲ್ಲ ಅನ್ನಿ, ಒಟ್ಟಾರೆ ವಿಜೇತನ ಹಳದಿ ಜೆರ್ಸಿ ಕೈಯಲ್ಲಿದ್ದವರಿಗೆ ಬೇರೆ ಚಿಂತೆ ಏಕೆ?

ಈಗ ನಿಮ್ಮ ಲೀಗಿಗೆ ಬರೋಣ. ಮ್ಯಾನೇಜರ್ ಲೀಗ್‌ಗಳಲ್ಲಿ ಎಲ್ಲ ತಂಡಕ್ಕೂ ಸಂಬಳದ ಮಿತಿ ಇರುವುದು ಸಾಮಾನ್ಯ. ಬೆಟ್ಟ, ಸ್ಪ್ರಿಂಟ್, ಟೈಮ್ ಟ್ರಯಲ್ (ಗಡಿಯಾರದ ವಿರುದ್ಧ ಒಬ್ಬೊಬ್ಬರೇ ಓಡುವುದು), ಕಲ್ಲುಹಾಸು ಎಂದು ಪ್ರತಿ ಸವಾರನಿಗೂ ಆಟದಲ್ಲಿ ಬೇರೆ ಬೇರೆ ಸಾಮರ್ಥ್ಯದ ಅಂಕಿಗಳಿರುತ್ತವೆ. ಬೆಟ್ಟದ ಅಂಕಿ ತುತ್ತತುದಿಯಲ್ಲಿರುವವನಿಗೂ ಅವನಿಗಿಂತ ಎರಡು ಮೂರು ಕಡಿಮೆ ಇರುವವನಿಗೂ ರಸ್ತೆಯ ಮೇಲೆ ಅಂತರ ಸಣ್ಣದು, ಹರಾಜಿನಲ್ಲಿ ಮಾತ್ರ ಬೆಲೆ ನೆಗೆದುಬಿಡುತ್ತದೆ. ನೀವು ಆ ಒಬ್ಬನ ಮೇಲೆ ಬಜೆಟ್ಟಿನ ದೊಡ್ಡ ಪಾಲು ಸುರಿದಿದ್ದರೆ, ಉಳಿದ ದುಡ್ಡಿಗೆ ಸಿಕ್ಕವರು ಎಂಥವರು ಎಂದು ಒಮ್ಮೆ ನಿಮ್ಮ ತಂಡದ ಪಟ್ಟಿಯ ಕೆಳಭಾಗ ನೋಡಿ. ಇಡೀ ವರ್ಷ ಒಂದಂಕಿ, ಎರಡಂಕಿಯಲ್ಲೇ ಉಳಿದವರು ಎಷ್ಟು ಜನ?

ಅದಕ್ಕೂ ಮುಖ್ಯವಾದದ್ದು ಕ್ಯಾಲೆಂಡರ್. ನಿಮ್ಮ ನಾಯಕ ಜುಲೈನಲ್ಲಿ ಫ್ರಾನ್ಸಿನ ಬೆಟ್ಟ ಹತ್ತುತ್ತಿರುವಾಗ ಬೇರೆ ಕಡೆ ನಡೆಯುವ ಸಣ್ಣ ರೇಸಿನಲ್ಲಿ ಇರಲಾರ. ಒಬ್ಬ ಸವಾರ ವರ್ಷಕ್ಕೆ ಇಷ್ಟೇ ದಿನ ಓಡಬಹುದು ಎಂದು ಮಿತಿ ಹಾಕುವ ಲೀಗ್‌ಗಳೂ ಇವೆ. ಅಂಥ ಕಡೆ ಸ್ಟಾರ್ ಸವಾರನ ದಿನಗಳು ಮುಗಿದ ಮೇಲೆ ನಿಮ್ಮ ತಂಡದ ಖಾತೆ ನಿಂತುಬಿಡುತ್ತದೆ, ಎದುರಾಳಿಯ ಖಾತೆಗೆ ದಿನಾ ಚಿಲ್ಲರೆ ಬೀಳುತ್ತಲೇ ಇರುತ್ತದೆ. ಜೊತೆಗೆ, ನಾಯಕನನ್ನು ಗೆಲ್ಲಿಸಲು ಮುಂದೆ ಓಡುತ್ತ ಗಾಳಿಗೆ ಎದೆಯೊಡ್ಡಿ ಗುಂಪನ್ನು ಎಳೆದವನಿಗೆ ಅಂಕವೇ ಇಲ್ಲ. ಬೆಲ್ಜಿಯಂನ ಟಿಮ್ ಡೆಕ್ಲರ್ಕ್ ವರ್ಷಗಟ್ಟಲೆ ಗುಂಪಿನ ಮುಂದೆ ನಿಂತು ಎಳೆದು ‘ಟ್ರ್ಯಾಕ್ಟರ್’ ಎಂಬ ಹೆಸರನ್ನೇ ಗಳಿಸಿದರು, ಶ್ರೇಯಾಂಕದ ಪಟ್ಟಿಯಲ್ಲಿ ಅವರನ್ನು ಹುಡುಕಲು ಬಹಳ ಕೆಳಗೆ ಇಳಿಯಬೇಕಿತ್ತು. ನಿಮ್ಮ ಸವಾರನ ಮೊದಲ ಸ್ಥಾನಕ್ಕೆ ನಿಮ್ಮದೇ ತಂಡದ ನಾಲ್ಕೈದು ಜನ ತಮ್ಮ ಅಂಕ ತೆತ್ತಿರುತ್ತಾರೆ, ಆ ನಷ್ಟ ಕಾಣುವುದು ತಂಡಗಳ ಪಟ್ಟಿಯಲ್ಲಿ ಮಾತ್ರ.

ಯಾವ ರೇಸಿಗೆ ಎಷ್ಟು ಅಂಕ ಎನ್ನುವುದೂ ಆಟ ಆಡಿಸುತ್ತದೆ. 2022ರವರೆಗೆ ಯುಸಿಐ ಕೋಷ್ಟಕದಲ್ಲಿ ಟೂರ್ ದ ಫ್ರಾನ್ಸ್‌ನ ಒಂದು ಹಂತ (ಒಂದು ದಿನದ ಓಟ) ಗೆದ್ದರೆ 120 ಅಂಕ, ಹೆಚ್ಚು ಜನ ಹೆಸರೇ ಕೇಳಿರದ ಮೂರನೆಯ ದರ್ಜೆಯ ಒಂದು ದಿನದ ರೇಸ್ ಗೆದ್ದರೆ 125! ಆಗ 2020ರಿಂದ 2022ರವರೆಗಿನ ಮೂರು ವರ್ಷದ ಮೊತ್ತದ ಮೇಲೆ ಮೇಲ್ದರ್ಜೆಯಲ್ಲಿ ಓಡಲು ತಂಡಗಳಿಗೆ ಸಿಗುವ 18 ಪರವಾನಗಿಗಳು ನಿಂತಿದ್ದವು. ಕೆಳಕ್ಕೆ ಜಾರುವ ಭಯದಲ್ಲಿದ್ದ ಲೊಟ್ಟೊ ಸೌದಾಲ್ ತಂಡ 20 ವರ್ಷದ ಸ್ಪ್ರಿಂಟರ್ ಅರ್ನೋ ದೆ ಲೀಯನ್ನು ಗ್ರ್ಯಾಂಡ್ ಟೂರ್‌ಗೆ ಕಳಿಸದೆ ಸಣ್ಣ ರೇಸ್‌ಗಳಿಗೇ ಓಡಿಸಿತು. ಹುಡುಗ ಗೆದ್ದ, ಮತ್ತೆ ಗೆದ್ದ, ಆದರೂ ಹಿಂದಿನ ವರ್ಷಗಳ ಹಳ್ಳ ತುಂಬಲಿಲ್ಲ. ಇಸ್ರೇಲ್ ಪ್ರೀಮಿಯರ್ ಟೆಕ್ ಜೊತೆ ಲೊಟ್ಟೊ ಕೆಳಗಿಳಿಯಿತು, ಅಲ್ಪೆಸಿನ್ ಮತ್ತು ಅರ್ಕೇಯಾ ಮೇಲೆ ಬಂದವು. 2023ರಿಂದ ಟೂರ್ ಹಂತದ ಬೆಲೆ 210ಕ್ಕೆ, ಟೂರ್ ಗೆಲುವಿನ ಬೆಲೆ 1000ದಿಂದ 1300ಕ್ಕೆ ಏರಿತು. ನಿಮ್ಮ ಲೀಗ್ ಹಳೆಯ ಕೋಷ್ಟಕವನ್ನೇ ನಕಲು ಮಾಡಿಕೊಂಡಿದ್ದರೆ, ಸಣ್ಣ ರೇಸ್‌ಗಳನ್ನು ಕೊಳ್ಳೆ ಹೊಡೆದ ತಂಡಗಳು ನಿಮ್ಮನ್ನು ದಾಟಿರುವುದರಲ್ಲಿ ಆಶ್ಚರ್ಯವಿಲ್ಲ.

ಮನೆಯಲ್ಲಿ ಟ್ರೇನರ್ ಎಂಬ ಯಂತ್ರದ ಮೇಲೆ ಸೈಕಲ್ ಕಟ್ಟಿ, ಆನ್‌ಲೈನ್ ಸೈಕ್ಲಿಂಗ್ ಆಟವಾದ ಝ್ವಿಫ್ಟ್‌ನಲ್ಲಿ ಬೆವರು ಹರಿಸುವವರೂ ಇದೇ ಪ್ರಶ್ನೆ ಕೇಳುತ್ತಾರೆ, ಅಲ್ಲಿ ಕಾರಣ ಸ್ವಲ್ಪ ಬೇರೆ. 2020ರಲ್ಲಿ ಶುರುವಾದ ಝ್ವಿಫ್ಟ್ ರೇಸಿಂಗ್ ಲೀಗಿನ ಅಂಕದ ರೇಸ್‌ಗಳಲ್ಲಿ ಕೊನೆಯ ಗೆರೆಗೆ ಮಾತ್ರವಲ್ಲ, ದಾರಿಯ ನಡುವಿನ ಏರು ಮತ್ತು ಸ್ಪ್ರಿಂಟ್ ತುಣುಕುಗಳಿಗೂ ಅಂಕವಿದೆ. ತಂಡದವರೆಲ್ಲರ ಅಂಕ ಕೂಡಿ ಆ ವಾರದ ಸ್ಥಾನ ನಿರ್ಧಾರವಾಗುತ್ತದೆ, ಆಮೇಲೆ ಆ ಸ್ಥಾನಕ್ಕೆ ಲೀಗ್ ಅಂಕ ಕೊಡುತ್ತಾರೆ. ಅಂದರೆ ನಿಮ್ಮ ತಂಡ ಎದುರಾಳಿಯನ್ನು ಒಂದಂಕದಿಂದ ಸೋಲಿಸಿದರೂ, ನೂರಂಕದಿಂದ ಸೋಲಿಸಿದರೂ ಸಿಗುವ ಲೀಗ್ ಅಂಕ ಒಂದೇ. ಒಬ್ಬ ಸವಾರ ಒಂದು ರಾತ್ರಿ ರಾಶಿ ಹಾಕಿದ ಅಂಕ ಮುಂದಿನ ವಾರಕ್ಕೆ ದಾಟುವುದೇ ಇಲ್ಲ. ಇಡೀ ತಂಡ ಒಟ್ಟಿಗೆ ಗಡಿಯಾರದ ವಿರುದ್ಧ ಓಡುವ ಟೀಮ್ ಟೈಮ್ ಟ್ರಯಲ್ ವಾರದಲ್ಲಂತೂ ಒಬ್ಬನ ಶೂರತನಕ್ಕೆ ಜಾಗವಿಲ್ಲ, ಆರು ಜನ ಹೊರಟ ತಂಡಕ್ಕೆ ಗಡಿಯಾರ ನಿಲ್ಲುವುದು ನಾಲ್ಕನೆಯವನು ಬಂದಾಗ. ಮುಂದೆ ಎಳೆಯುವವನು ಜೋರು ಮಾಡಿ ಹಿಂದಿನವನನ್ನು ಕಳೆದುಕೊಂಡರೆ ಅದು ತಂಡಕ್ಕೆ ನಷ್ಟ.

ಅಲ್ಲಿ ಇನ್ನೊಂದು ತಾಪತ್ರಯವಿದೆ: ರೇಸ್ ಮುಗಿದ ಮೇಲೂ ಫಲಿತಾಂಶ ಬದಲಾಗುತ್ತದೆ. ತೂಕ, ಪೆಡಲ್ ತುಳಿದ ಬಲ ಅಳೆಯುವ ಪವರ್ ಮೀಟರ್ ದಾಖಲೆ ಸರಿಹೊಂದದಿದ್ದರೆ, ದರ್ಜೆಯ ಮಿತಿ ಮೀರಿದರೆ ಸವಾರನ ಹೆಸರು ಹೋಗುತ್ತದೆ, ಅವನ ಜೊತೆ ತಂಡದ ಅಂಕವೂ ಹೋಗುತ್ತದೆ. ಬ್ರಿಟನ್ನಿನಲ್ಲಿ 2019ರಲ್ಲಿ ನಡೆದ ಮೊದಲ ರಾಷ್ಟ್ರೀಯ ಇ-ರೇಸಿಂಗ್ ಸ್ಪರ್ಧೆಯ ವಿಜೇತನ ಪ್ರಶಸ್ತಿಯನ್ನೇ ಆಮೇಲೆ ಕಿತ್ತುಕೊಂಡರು. ಆಟದೊಳಗಿನ ವೇಗದ ಸೈಕಲನ್ನು ಆತ ಪೆಡಲ್ ತುಳಿದು ಗಳಿಸಿರಲಿಲ್ಲ, ಕಂಪ್ಯೂಟರ್ ಪ್ರೋಗ್ರಾಂ ಓಡಿಸಿ ಗಳಿಸಿದ್ದ. ಆದ್ದರಿಂದ ಕೊನೆಯ ರೇಸಿನ ರಾತ್ರಿ ತೆಗೆದ ಸ್ಕ್ರೀನ್‌ಶಾಟ್ ಹಿಡಿದು ವಾದ ಮಾಡಬೇಡಿ, ಅಂತಿಮ ಎಂದು ಘೋಷಿಸಿದ ಪಟ್ಟಿಗೆ ಕಾಯಿರಿ.

ಹಾಗಾದರೆ ಯಾವ ಪಟ್ಟಿಗೆ ಹೆಚ್ಚು ಬೆಲೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮ್ಯಾನೇಜರ್ ಲೀಗಿನಲ್ಲಿ ನನಗೆ ತಂಡಗಳ ಪಟ್ಟಿಯೇ ಮುಖ್ಯ, ಏಕೆಂದರೆ ಅಲ್ಲಿ ಪೆಡಲ್ ತುಳಿಯುವವರು ನಾವಲ್ಲ. ನಾವು ಮಾಡುವುದು ಹರಾಜು ಕೂಗುವುದು, ಯಾರನ್ನು ಯಾವ ರೇಸಿಗೆ ಕಳಿಸಬೇಕೆಂದು ತಲೆ ಕೆರೆದುಕೊಳ್ಳುವುದು. ಅದರ ಅಳತೆ ಸಿಗುವುದು ಹತ್ತನೆಯ ಸವಾರ ಎಷ್ಟು ತಂದ ಎಂಬಲ್ಲಿ. ಆದರೆ ಎಲ್ಲ ಸವಾರರ ಅಂಕ ಕೂಡುವ ಪದ್ಧತಿಯೂ ನನಗೆ ಒಪ್ಪಿಗೆಯಿಲ್ಲ, ದೊಡ್ಡ ಸವಾರನನ್ನು ಕೊಳ್ಳುವ ಧೈರ್ಯವನ್ನೇ ಅದು ಸಾಯಿಸುತ್ತದೆ. 12 ಜನರ ತಂಡವಿದ್ದರೆ ಉತ್ತಮ ಎಂಟು ಜನರನ್ನು ಲೆಕ್ಕಕ್ಕೆ ಹಿಡಿಯುವುದು ಹದವಾಗಿರುತ್ತದೆ.

ಮುಂದಿನ ಹರಾಜಿಗೆ ಮೊದಲು ನಿಮ್ಮ ಗುಂಪಿನಲ್ಲಿ ಇನ್ನೆರಡು ವಿಷಯ ಬರೆದಿಟ್ಟುಕೊಳ್ಳಿ. ಸೀಸನ್ ನಡುವೆ ಸವಾರನನ್ನು ಮಾರಿದರೆ ಅವನು ಅಲ್ಲಿಯವರೆಗೆ ಗಳಿಸಿದ ಅಂಕ ಹಳೆಯ ತಂಡದಲ್ಲೇ ಉಳಿಯುತ್ತದೆಯೇ, ಅವನ ಜೊತೆ ಹೋಗುತ್ತದೆಯೇ? ಉಳಿಯಬೇಕು ಎನ್ನುವುದು ನನ್ನ ಮತ. ಇಲ್ಲದಿದ್ದರೆ ಸೆಪ್ಟೆಂಬರಿನಲ್ಲಿ ಯಾರೋ ಒಬ್ಬ ಅಂಕವನ್ನೇ ಅಂಗಡಿಯಲ್ಲಿ ಕೊಂಡಂತೆ ಕೊಂಡು ಮೇಲೇರುತ್ತಾನೆ. ಹಾಗೆಯೇ ಇಬ್ಬರ ಅಂಕ ಸಮವಾದರೆ ಏನು ಮಾಡುವುದು? ಟೂರ್ ದ ಫ್ರಾನ್ಸ್‌ನ ಅಂಕದ ಪಟ್ಟಿಯ ಮೊದಲಿಗ ತೊಡುವ ಹಸಿರು ಜೆರ್ಸಿಗೆ ಅಂಕ ಸಮವಾದರೆ ಹೆಚ್ಚು ಹಂತ ಗೆದ್ದವನು ಮೇಲೆ, ಅದೂ ಸಮವಾದರೆ ನಡುದಾರಿಯ ಸ್ಪ್ರಿಂಟ್ ಹೆಚ್ಚು ಗೆದ್ದವನು, ಅಲ್ಲೂ ತೀರದಿದ್ದರೆ ಒಟ್ಟು ಸಮಯದಲ್ಲಿ ಮುಂದಿರುವವನು. ಇದನ್ನೇ ನಕಲು ಮಾಡಿಕೊಳ್ಳಬಹುದು. ತಂಡಗಳ ನಡುವೆ ಸಮವಾದರೆ ಹೆಚ್ಚು ರೇಸ್ ಗೆದ್ದ ತಂಡ ಮೇಲೆ ಎಂದು ಬರೆಯಿರಿ, ನಿಮ್ಮಂತೆ ಒಬ್ಬನೇ ಗೆಲ್ಲುವ ಸವಾರನನ್ನು ಇಟ್ಟುಕೊಂಡವರಿಗೆ ಅಲ್ಲಾದರೂ ಸ್ವಲ್ಪ ಅನುಕೂಲವಾಗುತ್ತದೆ.