ಸ್ಟೇಜ್‌ವೋರ್ನ್ ಅಂದರೆ ಸವೆದ ಬೂಟಲ್ಲ

ಗಾಯಕರೊಬ್ಬರ ಬೂಟು ಹರಾಜಾದ ಸುದ್ದಿಯಲ್ಲಿ ಹರಾಜಿನವರ ಇಂಗ್ಲಿಷ್ ಪದ 'ಸ್ಟೇಜ್‌ವೋರ್ನ್' ಕನ್ನಡದಲ್ಲಿ ಮತ್ತೆ 'ವೇದಿಕೆಯಲ್ಲಿ ಸವೆದ' ಆಗಿದೆ. ಸಾಕಪ್ಪಾ! ಇಲ್ಲಿ ವೋರ್ನ್ ಅಂದರೆ ತೊಟ್ಟದ್ದು, ಮೆಟ್ಟಿದ್ದು. ಒಂದೇ ಸಂಜೆ ವೇದಿಕೆಯಲ್ಲಿ ಹಾಕಿ ತೆಗೆದಿಟ್ಟ ಬೂಟು ಫಳಫಳ ಹೊಳೆಯುತ್ತಿದ್ದರೂ ಅದು ಸ್ಟೇಜ್‌ವೋರ್ನ್. ಅದೇ ಗಾಯಕ ಹತ್ತು ವರ್ಷ ಬೀದಿ ಸುತ್ತಿ ಹಿಮ್ಮಡಿ ತೇಯಿಸಿದ ಬೂಟು ಸ್ಟೇಜ್‌ವೋರ್ನ್ ಅಲ್ಲ. ಅದು 'ಪರ್ಸನಲಿ ವೋರ್ನ್', ಅಂದರೆ ಸ್ವಂತಕ್ಕೆ ಮೆಟ್ಟಿದ್ದು. ಬರೀ 'ಓನ್ಡ್' (ಅವರ ಒಡೆತನದ್ದು) ಅಂತಿದ್ದರೆ ಕಾಲಿಗೆ ಹಾಕಿದ್ದರು ಅನ್ನೋ ಭರವಸೆಯೂ ಇಲ್ಲ. ಇನ್ನು 1975ರ 'ಟಾಮಿ' ಸಿನಿಮಾದಲ್ಲಿ ಬ್ರಿಟಿಷ್ ಗಾಯಕ ಎಲ್ಟನ್ ಜಾನ್ ಏರಿ ನಿಂತ ಆ ದೈತ್ಯ ಬೂಟು? ಅದು ತೆರೆಗಾಗಿ ಮಾಡಿದ್ದು, 'ಸ್ಕ್ರೀನ್‌ವೋರ್ನ್'.

ಒಂದೇ ಬೂಟು ಸ್ಟೇಜ್‌ವೋರ್ನ್, ಪರ್ಸನಲಿ ವೋರ್ನ್ ಎರಡು ಗುಂಪಿಗೂ ಸೇರುವುದುಂಟು. ಅಮೆರಿಕದ ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿ ತಮ್ಮ ನೀಲಿ ಸ್ವೀಡ್ (ಮಖಮಲ್ಲಿನಂಥ ತೊಗಲು) ಶೂಗಳನ್ನು ವೇದಿಕೆಯಲ್ಲೂ ಹಾಕಿದ್ದರು, ಹೊರಗೂ ಹಾಕಿದ್ದರು. 1958ರಲ್ಲಿ ಸೇನೆಗೆ ಹೊರಡುವ ಹಿಂದಿನ ರಾತ್ರಿ ಗೆಳೆಯ ಅಲನ್ ಫೋರ್ಟಸ್‌ಗೆ ಕೊಟ್ಟುಬಿಟ್ಟರು. 2024ರಲ್ಲಿ ಇಂಗ್ಲೆಂಡಿನ ವಿಲ್ಟ್‌ಶೈರ್‌ನ ಹರಾಜಿನಲ್ಲಿ ಅವು 1,20,000 ಪೌಂಡಿಗೆ ಹೋದವು. ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನೋ ಈ ಲೆಕ್ಕವೇ 'ಪ್ರಾವನೆನ್ಸ್'. 'ಅವರದೇ ಅಂತೆ' ಅನ್ನೋದು ಪ್ರಾವನೆನ್ಸ್ ಅಲ್ಲ, ಗಾಳಿಮಾತು.

ಹಾಗಂತ ಸವೆತಕ್ಕೆ ಕಿಮ್ಮತ್ತಿಲ್ಲ ಎಂದಲ್ಲ. ಅದು ಸಾಕ್ಷಿ. ಬೆರಳು ಮಡಚುವ ಕಡೆ ತೊಗಲಿನ ಮೇಲೆ ಬೀಳುವ ಗೆರೆ ಒಂದೊಂದು ಬೂಟಿನಲ್ಲೂ ಬೇರೆ. ಕಾರ್ಯಕ್ರಮದ ಫೋಟೊದಲ್ಲಿರುವ ಗೆರೆ, ತರಚು, ಸೊಟ್ಟ ಹೊಲಿಗೆ ಕೈಯಲ್ಲಿರುವ ಬೂಟಿಗೂ ತಾಳೆಯಾದರೆ ಅದು 'ಫೋಟೊ ಮ್ಯಾಚ್'. ಮಾಡೆಲ್ಲು, ಬಣ್ಣ ಒಂದೇ ಅಂದ ಮಾತ್ರಕ್ಕೆ ಮ್ಯಾಚ್ ಆಗಲ್ಲ ಮಾರಾಯ್ರೇ! ಅಂಗಡಿಯಲ್ಲಿ ಸಿಗುವ ಮಾಡೆಲ್ಲಾದರೆ ಸಾವಿರಾರು ಜನ ಕೊಂಡಿರುತ್ತಾರೆ. ಟೂರಿಗೆ ಹೊರಟ ಗಾಯಕರೇ ಒಂದೇ ಥರದ ಎರಡು ಮೂರು ಜೋಡಿ ಇಟ್ಟುಕೊಳ್ಳುವುದೂ ಉಂಟು. ಆದ್ದರಿಂದಲೇ ಮಾರುವ ಮುಂಚೆ ಪಾಲಿಶ್ ಹೊಡೆದು ಹೊಸ ಅಟ್ಟೆ ಹಾಕಿಸುವುದು ಶುದ್ಧ ಪೆದ್ದತನ. ಇದ್ದ ಸಾಕ್ಷಿಯನ್ನು ದುಡ್ಡು ಕೊಟ್ಟು ಅಳಿಸಿದ ಹಾಗೆ.

ಸವೆತವೇ ಎಲ್ಲ ಅಂದುಕೊಂಡವರು ಸುಲಭವಾಗಿ ಮೋಸ ಹೋಗ್ತಾರೆ. ಹೊಸ ಬೂಟಿಗೆ ಸ್ಯಾಂಡ್‌ಪೇಪರ್ ಉಜ್ಜೋಕೆ ಎಷ್ಟು ಹೊತ್ತು ಬೇಕು? ಉಜ್ಜಿದ್ದು ಸಾಮಾನ್ಯವಾಗಿ ಎಲ್ಲ ಕಡೆ ಒಂದೇ ಸಮ ಇರುತ್ತದೆ. ನಡೆದು ಸವೆದ ಹಿಮ್ಮಡಿ ಒಂದು ಮಗ್ಗುಲಿಗೆ ಜಾಸ್ತಿ ತೇಯ್ದಿರುತ್ತದೆ, ಒಳಗಿನ ಅಟ್ಟೆಯಲ್ಲಿ ಬೆರಳುಗಳ ಕುಳಿ ಇರುತ್ತದೆ. ಮೊದಲು ಬೂಟಿನೊಳಗೆ ಟಾರ್ಚ್ ಬಿಟ್ಟು ನೋಡಿ.